ಪರದೇಶಿ ಮುದ್ರೆಯ ಬೆಳ್ಳಿ ರೂಪಾಯಿಗಳು

ದನದ ಆಸ್ಪತ್ರೆಯ ಕೆಲಸದಲ್ಲಿ ದಿನಕ್ಕೊಂದು ಫಜೀತಿ ಸಿಕ್ಕೇ ಸಿಗುತ್ತದೆ. ಜೊತೆಗೆ ಹಳೇ ಬೆಳ್ಳಿ ರೂಪಾಯಿಯ ಹುಚ್ಚೂ ಇದ್ದರೆ ದಿನಕ್ಕೆರಡು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಅಂತ ಇದೇ ತೆಂಗಿನ ಸೀಮೆಯಲ್ಲಿ ನೌಕರಿಯುದ್ದಕ್ಕೂ ಸೈಕಲ್ ತುಳಿದವನು ನಾನು. ನಿಜ ಹೇಳಬೇಕೆಂದರೆ ನಾನು ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನ ಸ್ಟಾಕ್‌ಮನ್. ಆದರೆ ಎಮ್ಮೆಗೆ ಸೂಜಿ ಚುಚ್ಚಿದವರನ್ನೆಲ್ಲ "ಡಾಕ್ಟ್ರೇ" ಅನ್ನುವುದು ನಮ್ಮ ಕಡೆಯ ಜನರ ದೊಡ್ಡ ಗುಣ. ನಾನೂ ಬೇಡ ಅನ್ನಲು ಹೋಗಲಿಲ್ಲ.

ಪರದೇಶಿ

ಹುಚ್ಚು ಹತ್ತಿಸಿದವರು ತಿಪಟೂರಿನ ಒಬ್ಬ ಕೊಬ್ಬರಿ ಮಂಡಿ ಸಾಹುಕಾರರು. ಅವರ ಹಸುವಿನ ಹೊಟ್ಟೆಯುಬ್ಬರ ಇಳಿಸಿದ ಖುಷಿಗೆ ನನ್ನ ಕೈಗೆ ಒಂದು ಬೆಳ್ಳಿ ರೂಪಾಯಿ ಇಟ್ಟರು. ವಿಕ್ಟೋರಿಯಾ ರಾಣಿಯ ರೂಪಾಯಿ. ರಾಣಿಯ ಕೆನ್ನೆಯ ಮೇಲೆ ಕಡಲೆಬೇಳೆಯಷ್ಟಗಲ ಒಂದು ಗುರುತು ಒಳಕ್ಕೆ ಇಳಿದು ಕೂತಿತ್ತು.

"ಇದೇನು ಸಾಹುಕಾರ್ರೇ, ಪಾಪ, ರಾಣಿಗೆ ಪೆಟ್ಟು ಬಿದ್ದಿದೆಯಲ್ಲ?" ಅಂದೆ.

"ಪೆಟ್ಟಲ್ಲ ಕಣಪ್ಪ, ಮುದ್ರೆ. ಆಗೆಲ್ಲ ನಮ್ಮ ರೂಪಾಯಿ ಹಡಗು ಹತ್ತಿ ಪರದೇಶಕ್ಕೆ ಹೋಗ್ತಿತ್ತು. ಅಲ್ಲಿಯೋರು ಬೆಳ್ಳಿ ನೋಡಿ, ಸರಿ, ಇದು ನಮ್ಮಲ್ಲೂ ನಡೀತದೆ ಅಂತ ತಮ್ಮ ಗುರುತು ಒತ್ತಿ ಬುಡ್ತಿದ್ರು. ಕೊಬ್ಬರಿ ಚೀಲ ಕೈ ಬದಲಾದ್ರೆ ಹೊಸ ಮಂಡಿಯೋರು ತಮ್ಮ ಮಾರ್ಕು ಹಾಕಲ್ವಾ, ಹಂಗೇ. ಇದು ಚೀನಾದೋರ ಮುದ್ರೆ."

ಆವತ್ತು ನನಗೆ ಊಟ ಸೇರಲಿಲ್ಲ. ನಾನು ಅರಸೀಕೆರೆ ಆಚೆ ರೈಲು ಹತ್ತಿದವನಲ್ಲ. ನನ್ನ ಅಂಗೈಯಲ್ಲಿ ಕೂತ ಈ ರೂಪಾಯಿ ಚೀನಾಕ್ಕೆ ಹೋಗಿ, ಅಲ್ಲಿ ಯಾರ್‍ಯಾರದೋ ಜೇಬು ಸುತ್ತಿ, ಯಾರೂ ಕಳಿಸದೆ ಯಾರೂ ಕರೆಯದೆ ತಿಪಟೂರಿಗೆ ವಾಪಸ್ಸು ಬಂದಿದೆ! ಇಂಥದ್ದು ಇನ್ನೂ ಬೇಕು ಅನ್ನಿಸಿತು. ಬೇಕು ಅಂದರೆ ಬೇಕೇ. ಹಾಗೆ ಶುರುವಾಯಿತು.

ನನ್ನ ಹೆಂಡತಿ ಒಂದು ವರ್ಷ ಸುಮ್ಮನಿದ್ದಳು. ಟ್ರಂಕಿನ ತಳದಲ್ಲಿ ಹತ್ತು ಹನ್ನೆರಡು ಸೇರಿದ ಮೇಲೆ ಬಾಯಿ ತೆಗೆದಳು. "ಇಷ್ಟು ಬೆಳ್ಳಿ ಕತ್ತಲಲ್ಲಿ ಕೂತಿದೆ. ಒಂದು ಜೊತೆ ದೀಪಾಲೆ ಕಂಬ ಮಾಡಿಸಿದ್ರೆ ದೇವರ ಮುಂದೆ ಬೆಳಗ್ತಿತ್ತು. ಗಾಯ ಆಗಿರೋ ರೂಪಾಯಿ ಯಾರಿಗೆ ಬೇಕ್ರೀ?"

"ಗಾಯ ಅಲ್ಲ ಕಣೇ, ಅದೇ ಅದರ ಬೆಲೆ."

"ಹಾಗಂತ ತಿಳಿದವರು ಒಬ್ಬರು ಬಂದು ನನ್ನೆದುರಿಗೆ ಹೇಳಲಿ. ಆಮೇಲೆ ನಾನು ಉಸಿರೆತ್ತಲ್ಲ. ಬಂದವರು ಹಾಗನ್ನದಿದ್ರೆ ಎಲ್ಲ ಕರಗಿಸಿ ದೀಪಾಲೆ ಕಂಬ. ಅಲ್ಲಿವರೆಗೂ ಮುಟ್ಟಲ್ಲ. ಒಪ್ಪಿಗೇನಾ?"

ಒಪ್ಪಿದೆ. ತಿಳಿದವರು ಎಲ್ಲಿಂದ ಬರಬೇಕು ಈ ಊರಿಗೆ, ಅನ್ನುವ ಧೈರ್ಯ.

ಅವಳು ಅಷ್ಟಕ್ಕೇ ಬಿಡಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ಸರದಿಗೆ ಕೂತಾಗ "ನಮ್ಮನೆಯವರು ಪರದೇಶಿ ದುಡ್ಡು ಕೂಡಿಹಾಕ್ತಾರೆ" ಅಂತ ನಾಲ್ಕು ಜನರ ಮುಂದೆ ಅಂದಿದ್ದಾಳೆ. ಅದು ಎಮರ್ಜೆನ್ಸಿ ಕಾಲ. ಕಳ್ಳಸಾಗಣೆ ಅನ್ನುವ ಮಾತು ಎಲ್ಲರ ಬಾಯಲ್ಲೂ ಇತ್ತು. ಮೂರನೇ ದಿನ ಒಬ್ಬ ಪೊಲೀಸಪ್ಪ ನಮ್ಮ ಜಗಲಿಯ ಮೇಲೆ ಕೂತಿದ್ದ.

"ಫಾರಿನ್ ದುಡ್ಡು ಐತಂತೆ. ತೆಗೀರಿ."

ಟ್ರಂಕು ತೆಗೆದೆ. ಅವನು ಒಂದೊಂದೇ ರೂಪಾಯಿ ಹೊರಳಿಸಿ ನೋಡಿದ. "ಇವಮ್ಮ ನಮ್ಮ ರಾಣಿ ಅಲ್ವಾ? ಇದ್ಯಾವ ಸೀಮೆ ಫಾರಿನ್ನು?" ಅಂದ. ಮುದ್ರೆ ತೋರಿಸಿದೆ. ಹಡಗಿನ ಕಥೆ, ಚೀನಾದ ಕಥೆ ಎಲ್ಲ ಹೇಳಿದೆ. ಅವನು ನನ್ನನ್ನು ನೋಡಿದ, ಮನೆಯ ಸೋರುವ ಹೆಂಚು ನೋಡಿದ, ಒಂದು ಕಾಲಿಗೆ ಇಟ್ಟಿಗೆ ಕೊಟ್ಟ ಮಂಚ ನೋಡಿದ. ಹೆಂಡತಿ ಕೊಟ್ಟ ಕಾಫಿ ಕುಡಿದು ಹೋದ.

ಅವನು ಸ್ಟೇಷನ್ನಿನಲ್ಲಿ ಹೇಳಿದ್ದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. "ಪರದೇಶಿ ದುಡ್ಡು ಏನೂ ಸಿಗಲಿಲ್ಲ ಸಾರ್. ಮನೆ ಯಜಮಾನನೇ ಪರದೇಶಿ."

ಹಿಂದುಗಡೆ, ಬಲಕ್ಕೆ

ಹಳ್ಳಿಗಳಿಗೆ ಹೋದಾಗೆಲ್ಲ "ಮುದ್ರೆ ಬಿದ್ದಿರೋದು ಇದ್ರೆ ಹೇಳಿ" ಅಂತ ಹೇಳಿ ಬರುತ್ತಿದ್ದೆ. ರೂಪಾಯಿ ಅಂತ ಬಿಡಿಸಿ ಹೇಳಿದರೆ ಜನ ಹೆದರುತ್ತಾರೆ ಅನ್ನುವುದು ನನ್ನ ಜಾಣತನ.

ಒಂದು ದಿನ ಕೆಂಕೆರೆಯ ಒಬ್ಬ ತೋಟದ ರೈತರು ಆಸ್ಪತ್ರೆಗೇ ಬಂದರು. "ಡಾಕ್ಟ್ರೇ, ಮುದ್ರೇದು ಕೇಳಿದ್ರಂತಲ್ಲ. ನಮ್ಮನೇಲಿ ಒಂದೈತೆ."

ನನಗೆ ನಿಂತ ಕಾಲಲ್ಲಿ ನಿಲ್ಲಲಾಗಲಿಲ್ಲ. ಅವರನ್ನು ಸೈಕಲ್ ಹಿಂದೆ ಹತ್ತಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ವಿಚಾರಣೆ.

"ಹಳೇದಾ?"

"ನಮ್ಮಪ್ಪ ಇದ್ದಾಗ ತಂದಿದ್ದು."

"ಮುದ್ರೆ ಎಲ್ಲಿ ಬಿದ್ದಿದೆ? ಮುಖದ ಕಡೆಗೋ, ಹಿಂದುಗಡೆಗೋ?"

"ಹಿಂದುಗಡೆ. ಬಲಕ್ಕೆ."

ಹಿಂದುಗಡೆಯ ಮುದ್ರೆ ಅಪರೂಪ. ಪೆಡಲು ಇನ್ನೂ ಜೋರಾಗಿ ತುಳಿದೆ. "ಮುಖ ಚೆನ್ನಾಗಿದೆಯಾ? ಸವೆದಿಲ್ಲ ತಾನೆ?"

"ಮುಖ ನೋಡಿದ್ರೆ ದೃಷ್ಟಿ ಆಗಬೇಕು, ಹಂಗೈತೆ ಸ್ವಾಮಿ."

"ಎಲ್ಲಿಟ್ಟಿದೀರಿ?"

"ಹಿತ್ತಲಾಗೆ ಕಟ್ಟಿದೀನಿ."

ಬಟ್ಟೆಯಲ್ಲಿ ಕಟ್ಟಿ ಹಿತ್ತಲಲ್ಲಿ ಹೂತಿಟ್ಟಿರಬೇಕು ಅಂದುಕೊಂಡೆ. ಹಳಬರ ಪದ್ಧತಿ ಅದು. ಬೆಳ್ಳಿಯೋ ಅಲ್ಲವೋ ಅಂತ ಕಲ್ಲಿನ ಮೇಲೆ ಬಾರಿಸಿ ಸದ್ದು ಕೇಳುವುದು ನಮ್ಮಂಥವರ ರೂಢಿ. ಅದಕ್ಕೆ, "ಒಂದ್ಸಲ ಬಾರಿಸಿ ನೋಡಬಹುದಾ?" ಅಂದೆ.

"ನೀವು ಡಾಕ್ಟ್ರು. ಬಾರಿಸೋದಾದ್ರೆ ಬಾರಿಸಿ. ಆಮ್ಯಾಕೆ ನನ್ನ ಕೇಳಬ್ಯಾಡಿ" ಅಂದರು ಅವರು.

"ಏನೂ ಆಗಲ್ಲ ಬಿಡಿ. ಸರಿಹೋದ್ರೆ ಇವತ್ತೇ ಜೇಬಿಗೆ ಹಾಕ್ಕೊಂಡು ಹೋಗಿಬಿಡ್ತೀನಿ."

ಹಿಂದಿನ ಸೀಟಿನಲ್ಲಿ ಕೂತವರು ಬಗ್ಗಿ ನನ್ನ ಜೇಬು ನೋಡಿದ್ದು ಗೊತ್ತಾಯಿತು.

ಹಿತ್ತಲಿನಲ್ಲಿ ಕಟ್ಟಿತ್ತು. ಆಳೆತ್ತರದ ಹೋರಿ. ಹಿಂದೊಡೆಯ ಮೇಲೆ, ಬಲಕ್ಕೆ, ಸರ್ಕಾರಿ ದನದ ಕಾವಲಿನವರು ಸುಟ್ಟ ಅಂಗೈಯಗಲದ ಮುದ್ರೆ. ನನ್ನನ್ನು ಕಂಡದ್ದೇ ಬುಸ್ಸೆಂದು ತಲೆ ತಗ್ಗಿಸಿತು. ನಾನು ಎಷ್ಟು ಬೇಗ ಬೇಲಿ ಹಾರಿದೆನೆಂದರೆ ಒಂದು ಚಪ್ಪಲಿ ಈಚೆಗೆ ಬರಲೇ ಇಲ್ಲ.

ಬೇಲಿಯಾಚೆಯಿಂದ ರೈತರು ಬಹಳ ಮರ್ಯಾದೆಯಿಂದ ಕೇಳಿದರು. "ಯಾಕ್ ಸ್ವಾಮಿ, ಜೇಬಿಗೆ ಹಾಕ್ಕೊಳ್ಳಲ್ವಾ?"

ಪುಕ್ಕಟೆ

ಇದು ಚಿಕ್ಕದು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ, ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ.

ಅಮ್ಮಸಂದ್ರದ ಕಡೆ ಒಂದು ಮನೆಯಲ್ಲಿ ಚೀನಾ ಮುದ್ರೆಯ ರೂಪಾಯಿ ಸಿಕ್ಕಿತು. ಒಂದಲ್ಲ, ಮೂರು ಮುದ್ರೆ ಒಂದೇ ರೂಪಾಯಿಯ ಮೇಲೆ. ಮಗುವಿನ ಕೊರಳಿಗೆ ಕಟ್ಟಲು ಯಾವ ಕಾಲದಲ್ಲೋ ಮೇಲೊಂದು ಕೊಂಡಿ ಬೆಸೆದಿದ್ದರು. ಕೊಂಡಿ ತೆಗೆಸೋಣ ಅಂತ ತುರುವೇಕೆರೆಯ ಒಬ್ಬ ಅಕ್ಕಸಾಲಿಗರ ಕೈಗೆ ಕೊಟ್ಟೆ. "ಹುಷಾರು ಆಚಾರ್ರೇ, ಇದು ಸಾಮಾನ್ಯ ರೂಪಾಯಿ ಅಲ್ಲ" ಅಂತ ಎರಡೆರಡು ಸಲ ಹೇಳಿದೆ. ಹೇಳಬಾರದಿತ್ತು.

ಮಾರನೇ ದಿನ ಹೋದರೆ ರೂಪಾಯಿ ಥಳಥಳ ಹೊಳೆಯುತ್ತಿತ್ತು. ಕೊಂಡಿ ಇಲ್ಲ. ಮುದ್ರೆಯೂ ಇಲ್ಲ. ಮೂರು ತಗ್ಗಿಗೂ ಬೆಳ್ಳಿ ತುಂಬಿ, ಅರದಿಂದ ಉಜ್ಜಿ, ರಾಣಿಯ ಕೆನ್ನೆ ನುಣ್ಣಗೆ ಮಾಡಿದ್ದರು.

ನನ್ನ ಮುಖ ನೋಡಿ ಅವರು ಕೂಲಿಯ ಯೋಚನೆ ಅಂದುಕೊಂಡರು ಕಾಣುತ್ತದೆ. ಭುಜ ತಟ್ಟಿ ಹೇಳಿದರು: "ಕೊಂಡಿ ತೆಗೆದಿದ್ದಕ್ಕೆ ಮಾತ್ರ ಕೊಡಿ ಸ್ವಾಮಿ. ಗಾಯ ಮುಚ್ಚಿದ್ದು ಪುಕ್ಕಟೆ."

ಯಾವ ದೇಶದ್ದು ಬೇಕು?

ಬೋರನಕಣಿವೆ ಕಡೆ ಕಾಲುಬಾಯಿ ಜ್ವರಕ್ಕೆ ಚುಚ್ಚುಮದ್ದು ಹಾಕಲು ಹೋಗಿದ್ದೆ. ಕೆಲಸ ಮುಗಿಸಿ ಮರದಡಿ ಕೂತಿರುವಾಗ ಒಬ್ಬ ಹಳ್ಳಿಗ ಬಂದು ಟವೆಲಿನ ಗಂಟು ಬಿಚ್ಚಿದ. ಏಳು ಬೆಳ್ಳಿ ರೂಪಾಯಿ. ಏಳಕ್ಕೂ ಮುದ್ರೆ!

ನಾನು ಭೂತಗನ್ನಡಿ ಹಿಡಿದೆ. ಎಂದೂ ಕಾಣದ ಅಕ್ಷರ. ಎರಡು ಸುರುಳಿ, ಒಂದು ಕೊಂಬು. ಚೀನಾದ್ದಲ್ಲ. ಪರ್ಷಿಯಾದ್ದಿರಬಹುದು ಅನ್ನಿಸಿತು. ಆಫ್ರಿಕಾ ಅಂತಲೂ ಒಂದು ಕ್ಷಣ ಅನ್ನಿಸಿತು. ಅವನು ಕೇಳಿದಷ್ಟು ಕೊಟ್ಟು, ಮೇಲೆ ಅವನ ಎಮ್ಮೆಗೆ ಜಂತುಹುಳದ ಔಷಧಿಯನ್ನೂ ಕೊಟ್ಟು, ಹಾಡು ಹೇಳಿಕೊಂಡು ಮನೆಗೆ ಬಂದೆ.

ಏಳನ್ನೂ ಮಣೆಯ ಮೇಲೆ ಸಾಲಾಗಿಟ್ಟು ಹೆಂಡತಿಯನ್ನು ಕರೆದೆ. "ನೋಡು, ಯಾವ ದೇಶದ ಲಿಪಿಯೋ ಗೊತ್ತಾಗ್ತಿಲ್ಲ."

ಅವಳು ಕಾಯಿ ತುರಿಯುವುದನ್ನು ಬಿಟ್ಟು ಬಂದು ಎದುರಿಗೆ ನಿಂತಳು. ನನ್ನ ಎದುರಿಗೆ ನಿಂತದ್ದರಿಂದ ಅವಳಿಗೆ ರಾಣಿ ತಲೆಕೆಳಗಾಗಿ, ಮುದ್ರೆ ನೆಟ್ಟಗೆ ಕಂಡಿತು. ಭೂತಗನ್ನಡಿ ಬೇಕಾಗಲಿಲ್ಲ. "ಇದು 'ಮ' ಅಲ್ವೇನ್ರೀ? ನಮ್ಮ ಈಳಿಗೆ ಮಣೆ ಮೇಲೂ ಇದೇ ಇದೆಯಲ್ಲ!"

ಈಳಿಗೆ ಮಣೆ ತಂದು ಪಕ್ಕದಲ್ಲಿಟ್ಟಳು. ಅದೇ ಮ. ಅದೇ ಕೊಂಬು. ಆ ಸೀಮೆಯ ಒಬ್ಬ ಕಮ್ಮಾರ ತಾನು ಮಾಡಿದ ಕುಡುಗೋಲು, ಮಚ್ಚು, ಈಳಿಗೆಗೆಲ್ಲ ತನ್ನ ಹೆಸರಿನ ಮೊದಲ ಅಕ್ಷರ ಒತ್ತುತ್ತಿದ್ದ. ಡಾಕ್ಟರು ಗಾಯವಾದ ರೂಪಾಯಿಗೆ ಜಾಸ್ತಿ ಕೊಡುತ್ತಾರೆ ಅಂತ ಸುದ್ದಿ ಹಬ್ಬಿ, ಹಳ್ಳಿಯ ಒಳ್ಳೊಳ್ಳೆಯ ರೂಪಾಯಿಗಳೆಲ್ಲ ಅವನ ಅಡಿಗಲ್ಲಿನ ಮೇಲೆ ಮಲಗಿ ಎದ್ದಿದ್ದವು. ಹೆಂಡತಿ ಅವತ್ತು ಬಿದ್ದು ಬಿದ್ದು ನಕ್ಕಳು. ಕೊನೆಗೆ ನನಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಅವಳು, "ದೀಪಾಲೆ ಕಂಬಕ್ಕೆ ಏಳು ಸೇರಿತು" ಅಂದಳು.

ಮಾರನೇ ದಿನ ಕುಲುಮೆಗೇ ಹೋಗಿ ಜಗಳಕ್ಕೆ ನಿಂತೆ. "ಏನಯ್ಯಾ ಇದು, ಪರದೇಶದ ಮುದ್ರೆ ಅಂತ ನನಗೆ ಟೋಪಿ ಹಾಕ್ತೀಯಾ?"

ಕಮ್ಮಾರ ತಿದಿ ಒತ್ತುವುದನ್ನು ನಿಲ್ಲಿಸಿ ನಿಜವಾಗಿ ನೊಂದುಕೊಂಡ. "ಅಯ್ಯೋ, ಪರದೇಶದ್ದು ಬೇಕಿತ್ತಾ? ಮೊದ್ಲೇ ಹೇಳಬಾರದಾ ಸ್ವಾಮಿ! ಯಾವ ದೇಶದ್ದು ಬೇಕೋ ಬರಕೊಡಿ, ನಾಳಿದ್ದು ಸಂಜೆಗೆ ಹೊಡ್ಕೊಡ್ತೀನಿ."

ಬಿಟ್ಟ ರೂಪಾಯಿ

ಕೊನೆಗೆ ತಿಳಿದವರು ಬಂದೇ ಬಂದರು. ಮೈಸೂರಿನಲ್ಲಿ ಕಾಲೇಜು ಮೇಷ್ಟ್ರಾಗಿ ನಿವೃತ್ತರಾದವರು, ನಾಣ್ಯಗಳ ವಿಷಯ ಬಲ್ಲವರು. ಕೊಬ್ಬರಿ ಸಾಹುಕಾರರ ಬೀಗರ ಕಡೆಯವರು. ಮುಂದಿನ ಭಾನುವಾರ ನಿಮ್ಮ ಸಂಗ್ರಹ ನೋಡಲು ಬರುತ್ತೇನೆ ಅಂತ ಕಾಗದ ಬರೆದರು. ಆ ಕಾಗದವನ್ನು ನನಗಿಂತ ಮೊದಲು ನನ್ನ ಹೆಂಡತಿ ಓದಿದಳು. ಓದಿ, ಬೀದಿ ಕೊನೆಯ ಬೆಳ್ಳಿ ಅಂಗಡಿಗೆ ಹೋಗಿ, ದೀಪಾಲೆ ಕಂಬದ ಮಾದರಿ ನೋಡಿಕೊಂಡೂ ಬಂದಳು. ನವಿಲಿನ ತಲೆ ಇರುವಂಥದ್ದು.

ನನಗೆ ನಿದ್ದೆ ಹಾರಿತು. ನನ್ನ ಟ್ರಂಕಿನಲ್ಲಿದ್ದವು ಇಪ್ಪತ್ತೆರಡು ರೂಪಾಯಿ. ಅವುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಅಂತ ನನಗೇ ಗೊತ್ತಿರಲಿಲ್ಲ. ಮೇಷ್ಟ್ರು ಎದ್ದು ಕೂರುವಂಥದ್ದು ಒಂದಾದರೂ ಬೇಕಿತ್ತು.

ಗುರುವಾರ ಹುಳಿಯಾರಿನ ರಸ್ತೆಯ ಒಂದು ತೋಟದ ಮನೆಯಿಂದ ಕರೆ ಬಂತು. ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡಿತ್ತು. ಎರಡು ಗಂಟೆ ಒದ್ದಾಡಿ ಕರು ಈಚೆಗೆ ತೆಗೆದೆ. ಕೈ ತೊಳೆಯಲು ಬಿಸಿನೀರು ಕೇಳಿಕೊಂಡು ಬಚ್ಚಲಿಗೆ ಹೋದರೆ, ಆ ಮನೆಯ ಯಜಮಾನಿ ಅಜ್ಜಮ್ಮ ತಾಮ್ರದ ಹಂಡೆಗೆ ಅಡ್ಡ ನಿಂತಳು. "ಅದು ಮುಟ್ಟಬ್ಯಾಡ ಕಣಪ್ಪ, ಮೊಮ್ಮಗಳು ಹೆತ್ತವಳೆ, ಕೂಸಿಗೆ ಎರೆಯೋ ನೀರು."

ಹಂಡೆಯ ತಳದಲ್ಲಿ ಒಂದು ಬೆಳ್ಳಿ ರೂಪಾಯಿ. ಅದರ ನಡುಮಧ್ಯೆ ದುಂಡನೆಯ ಮುದ್ರೆ. ಮುದ್ರೆಯೊಳಗೆ ಅಚ್ಚುಕಟ್ಟಾದ ಅರಬ್ಬಿ ಅಕ್ಷರ. ಕೈಯಲ್ಲಿದ್ದ ಸೋಪು ಜಾರಿ ಬಿತ್ತು. ಅಂಥದ್ದನ್ನು ಆ ಸಾಹುಕಾರರ ಬಾಯಲ್ಲಿ ಕೇಳಿದ್ದೆನೇ ಹೊರತು ಕಣ್ಣಲ್ಲಿ ಕಂಡಿರಲಿಲ್ಲ.

"ಅಜ್ಜಮ್ಮ, ಅದನ್ನ ನನಗೆ ಕೊಡ್ತೀರಾ? ಎಷ್ಟಾದರೂ ಕೊಡ್ತೀನಿ."

"ಕೊಡೋಕೆ ನಂದೇನು? ಅದು ಬುಟ್ಟ ರೂಪಾಯಿ."

"ಬಿಟ್ಟ ರೂಪಾಯಿ ಅಂದ್ರೆ?"

"ಏನ್ ದನದ ಡಾಕ್ಟ್ರೋ ನೀನು! ಮೈಗೆ ಮುದ್ರೆ ಒತ್ತಿ ದೇವರ ಹೆಸರಿಗೆ ಬಸವನ್ನ ಬುಡಲ್ವಾ? ಬುಟ್ಟ ಮ್ಯಾಲೆ ಅದನ್ನ ಯಾರಾದ್ರೂ ಮಾರ್ತಾರಾ? ಕಟ್ಟಿಹಾಕ್ತಾರಾ? ಯಾರ ತೋಟದಾಗಾದ್ರೂ ಮೇಯ್ತದೆ, ಯಾರ ಬಾಗಿಲಾಗಾದ್ರೂ ನಿಂತ್ಕೊಳ್ತದೆ. ಇದಕ್ಕೂ ಮುದ್ರೆ ಬಿದ್ದೈತೆ ನೋಡು. ನಮ್ಮತ್ತೆ ಕಾಲದಿಂದ ಇದೂ ಬುಟ್ಟಿದ್ದೇ. ಮದುವೆಯೋ ಹೆರಿಗೆಯೋ, ಯಾರ ಮನೇಲಿ ಒಳ್ಳೇದೋ ಅವರ ಮನೆಗೆ ಹೋಗ್ತದೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅರಬರ ಮುದ್ರೆ ಬಿದ್ದ ರೂಪಾಯಿ ನಮ್ಮ ಹುಳಿಯಾರು ರಸ್ತೆಯಲ್ಲಿ ಬಸವನಾಗಿ ತಿರುಗುತ್ತಿದೆ! ಕೈ ಮುಗಿದೆ. "ಅಜ್ಜಮ್ಮ, ಭಾನುವಾರ ನಮ್ಮನೆಗೆ ದೊಡ್ಡವರೊಬ್ಬರು ಬರ್ತಾರೆ. ಅವತ್ತೊಂದು ದಿನ ಇದು ನಮ್ಮನೆಗೂ ಬರಲಿ. ನನ್ನ ಮರ್ಯಾದೆ ಇದರಲ್ಲಿದೆ."

ಅಜ್ಜಮ್ಮ ಕರುವಿನ ಕಡೆ ನೋಡಿದಳು. ಅದು ಆಗಲೇ ಎದ್ದು ನಿಂತು ಕೆಚ್ಚಲು ಹುಡುಕುತ್ತಿತ್ತು. "ಆಗಲಿ, ಕೂಸಿಗೆ ಎರೆಯೋ ಶಾಸ್ತ್ರ ಇವತ್ತಿಗೆ ಮುಗೀತು. ಕರ್ಕಂಡ್ ಹೋಗು. ಆದ್ರೆ ಕೇಳ್ಕಂಡು ಬಂದೋರಿಗೆ ಇಲ್ಲ ಅನ್ನಂಗಿಲ್ಲ. ಪೆಟ್ಟಿಗೇಲಿ ಕೂಡಂಗಿಲ್ಲ."

ಭಾನುವಾರ ಮೇಷ್ಟ್ರು ಬಂದರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಮೇಷ್ಟ್ರು ಒಂದೊಂದೇ ರೂಪಾಯಿ ಎತ್ತಿ ತೀರ್ಪು ಕೊಡತೊಡಗಿದರು. "ಇದು ನಮ್ಮ ಸರಾಫರೇ ಬೆಳ್ಳಿ ಪರೀಕ್ಷೆ ಮಾಡಿದ ಗುರುತು, ಪರದೇಶದ್ದಲ್ಲ. ಇದು ಮೊಳೆಯ ಪೆಟ್ಟು. ಇದು ಚೀನಾದ್ದು, ಪರವಾಗಿಲ್ಲ. ಇದನ್ನ… ಯಾರೋ ಹಲ್ಲಲ್ಲಿ ಕಚ್ಚಿದಾರೆ." ಒಂದೊಂದು ಮಾತಿಗೂ ನನ್ನ ಹೆಂಡತಿಯ ಮುಖದಲ್ಲಿ ನವಿಲು ಗರಿಗೆದರುತ್ತಿತ್ತು.

ಕೊನೆಗೆ ಅರಬ್ಬಿ ಮುದ್ರೆಯದನ್ನು ಅವರ ಅಂಗೈಗೆ ಹಾಕಿದೆ. ಮೇಷ್ಟ್ರು ಕೂತವರು ಎದ್ದು ನಿಂತರು.

"ಎಲ್ಲಿ ಸಿಕ್ಕಿತ್ರೀ ಇದು? ನಾನು ಪುಸ್ತಕದಲ್ಲಿ ನೋಡಿದ್ದೆ, ಕೈಯಲ್ಲಿ ಹಿಡಿದಿರಲಿಲ್ಲ! ತಾಯಿ, ನಿಮ್ಮ ಯಜಮಾನರ ಟ್ರಂಕಿಗೆ ಕೈ ಹಾಕಬೇಡಿ. ಇದೊಂದೇ ಸಾಕು ಅದರ ಮರ್ಯಾದೆಗೆ."

ಗೆದ್ದೆ! ನಾನು ಹೆಂಡತಿಯ ಕಡೆ ತಿರುಗಿ ಮೀಸೆಯ ಮೇಲೆ ಕೈ ಇಟ್ಟೆ. ಅಷ್ಟರಲ್ಲಿ ಬಾಗಿಲಲ್ಲಿ ಗಂಡಹೆಂಡಿರಿಬ್ಬರು ಬಂದು ನಿಂತರು. ತಟ್ಟೆಯಲ್ಲಿ ತೆಂಗಿನಕಾಯಿ, ಎಲೆಅಡಿಕೆ, ಬೆಲ್ಲದಚ್ಚು. ಹೊಸಲಿಗೆ ಕೈ ಮುಗಿದು ಗಂಡ ಕೇಳಿದ:

"ಅಮ್ಮಾರೇ, ಬುಟ್ಟ ರೂಪಾಯಿ ನಿಮ್ಮನೇಲಿ ಮೇಯ್ತಾ ಐತಂತೆ. ನಾಳೆ ನಮ್ಮ ಮಗಳ ಧಾರೆ. ಕರ್ಕಂಡ್ ಹೋಗಾನ ಅಂತ ಬಂದ್ವಿ."

"ಏನು ಮೇಯ್ತಾ ಇದೆ?" ಅಂದರು ಮೇಷ್ಟ್ರು.

ನಾನು ತೊದಲುತ್ತಾ ಹಂಡೆ, ಅಜ್ಜಮ್ಮ, ಬಸವ ಎಲ್ಲ ಹೇಳಿದೆ. ಮೇಷ್ಟ್ರು ಮುಷ್ಟಿ ಬಿಗಿ ಮಾಡಿದರು. ನನ್ನ ಹೆಂಡತಿ ಮಾತ್ರ ಎಲ್ಲ ಕೇಳಿಸಿಕೊಂಡು, ಸೀದಾ ಬಂದು ಆ ಮುಷ್ಟಿಯ ಮುಂದೆ ಕೈ ಚಾಚಿದಳು. ಮೇಷ್ಟ್ರು ಬೆರಳು ಬಿಚ್ಚಲೇಬೇಕಾಯಿತು. ರೂಪಾಯಿಯನ್ನು ಕಣ್ಣಿಗೊತ್ತಿಕೊಂಡು, ಅರಿಶಿನ ಕುಂಕುಮ ಹಚ್ಚಿ, ಮನೆಮಗಳನ್ನು ಕಳಿಸುವ ಹಾಗೆ ತಟ್ಟೆಯಲ್ಲಿಟ್ಟು ಕಳಿಸಿದಳು. ಅವರು ಬೀದಿ ತಿರುವು ದಾಟುವವರೆಗೂ ನಾವು ಮೂವರೂ ಬಾಗಿಲಲ್ಲಿ ನಿಂತಿದ್ದೆವು.

ಮೇಷ್ಟ್ರು ಬಸ್ಸಿಗೆ ಹೋದ ಮೇಲೆ ನಾನು ಮೆಲ್ಲಗೆ ಕೇಳಿದೆ. "ಮಿಕ್ಕಿದ್ದು ಕರಗಿಸ್ತೀಯೇನೇ?"

"ಬಿಡ್ತು ಅನ್ನಿ! ಮುದ್ರೆ ಬಿದ್ದ ಬಸವನ್ನ ಯಾರಾದ್ರೂ ನೇಗಿಲಿಗೆ ಹೂಡ್ತಾರಾ? ಕರಗಿಸೋ ಮಾತೇ ಆಡಬೇಡಿ."

ನನಗೆ ಕುಣಿಯುವ ಹಾಗಾಯಿತು. ಆದರೆ ಅವಳ ಮಾತು ಇನ್ನೂ ಮುಗಿದಿರಲಿಲ್ಲ.

"ಹಾಗಂತ ಟ್ರಂಕಿನಲ್ಲಿ ಕಟ್ಟಿಹಾಕೋದೂ ತಪ್ಪೇ."

ಒಂದು ತಿಂಗಳೊಳಗೆ ನನ್ನ ಇಪ್ಪತ್ತೆರಡೂ ರೂಪಾಯಿಗಳನ್ನು ನನ್ನ ಹೆಂಡತಿ ಬಿಟ್ಟಳು. ಮದುವೆಗೊಂದು, ಬಾಣಂತನಕ್ಕೊಂದು, ಹೊಸಮನೆಗೊಂದು. ಮೊಳೆಯ ಪೆಟ್ಟು ಬಿದ್ದದ್ದನ್ನೂ ಉಳಿಸಲಿಲ್ಲ. ಆಮೇಲೆ ನಾನು ಯಾವ ಹಳ್ಳಿಗೆ ಹೋದರೂ ದನಕ್ಕಿಂತ ಮೊದಲು ರೂಪಾಯಿಯ ವಿಚಾರ: "ಡಾಕ್ಟ್ರೇ, ನಿಮ್ಮ ರೂಪಾಯಿ ನಮ್ಮನೇಲಿ ಆರಾಮಾಗೈತೆ ಕಣ್ರೀ. ನೋಡ್ತೀರಾ?" ನೋಡುತ್ತಿದ್ದೆ. ಭೂತಗನ್ನಡಿ ಜೇಬಿನಲ್ಲೇ ಇರುತ್ತಿತ್ತು. ನಿಜ ಹೇಳುತ್ತೇನೆ, ಟ್ರಂಕಿನಲ್ಲಿದ್ದಾಗ ಅಷ್ಟು ಸಂತೋಷ ಆಗಿರಲಿಲ್ಲ.

ಆದರೆ ಆ ಅರಬ್ಬಿ ಮುದ್ರೆಯದು ಮಾತ್ರ ಮತ್ತೆ ಕಣ್ಣಿಗೆ ಬೀಳಲಿಲ್ಲ. ನಾನು ಹೋದ ಊರಿಂದ ಅದು ಹಿಂದಿನ ದಿನವೇ ಹೊರಟಿರುತ್ತಿತ್ತು. ಹಾಗೇ ಎಷ್ಟೋ ವರ್ಷ ಕಳೆದವು. ತಡೆಯಲಾರದೆ, ನಮ್ಮ ಮನೆಯ ಎಮ್ಮೆ ಕರು ಹಾಕಿದ ದಿನ ಅಜ್ಜಮ್ಮನಿಗೆ ಹೇಳಿ ಕಳಿಸಿದೆ. ನಮ್ಮನೇಲಿ ಹೆರಿಗೆಯಾಗಿದೆ, ಬಿಟ್ಟ ರೂಪಾಯಿ ಕಳಿಸಿಕೊಡಿ.

ಸಂಜೆಗೆ ಹಾಲಿನವನ ಕೈಯಲ್ಲಿ ಉತ್ತರ ಬಂತು. "ಎಮ್ಮೆಗೆಲ್ಲ ಬರೋ ರೂಪಾಯಿ ಅಲ್ಲ ಅದು. ಡಾಕ್ಟ್ರ ಹೆಂಡ್ರು ಹೆತ್ತರೆ ಹೇಳಿ ಕಳಿಸಿ, ಅವತ್ತೇ ಕಳಿಸ್ತೀನಿ."

ನಮ್ಮ ಕಿರಿಮಗ ಆಗ ಕಾಲೇಜು ಮುಗಿಸಿದ್ದ. ನಾನು ಸುಮ್ಮನೆ ಒಂದು ಸಲ, ಆಸೆಯಿಂದ, ಹೆಂಡತಿಯ ಮುಖ ನೋಡಿದೆ ಅಷ್ಟೆ.

ಅವಳು ಕೈಯಲ್ಲಿದ್ದ ಸೌಟು ಎತ್ತಿದಳು. "ರೀ! ನಿಮ್ಮ ರೂಪಾಯಿ ಹುಚ್ಚಿಗೆ ಈ ವಯಸ್ಸಲ್ಲಿ ನಾನು ಹೆರಬೇಕೇನ್ರೀ?"